ಲಗ್ನಪತ್ರಿಕೆಯ ಖಾಲಿ ಜಾಗ

ಮೊದಲೇ ಒಪ್ಪಿಕೊಂಡುಬಿಡುತ್ತೇನೆ, ಖಾಲಿ ಜಾಗ ಕಂಡರೆ ನನ್ನ ಕೈ ಸುಮ್ಮನಿರುವುದಿಲ್ಲ. ಹುಮನಾಬಾದಿನಲ್ಲಿ ಮಾಣಿಕನಗರದ ಕಡೆ ಹೊರಳುವ ರಸ್ತೆಗೆ ನನ್ನದೊಂದು ಡಿಟಿಪಿ ಅಂಗಡಿ ಇದೆ. ಲಗ್ನಪತ್ರಿಕೆ, ಹ್ಯಾಂಡ್‌ಬಿಲ್, ತೊಟ್ಟಿಲ ಕಾರ್ಯಕ್ರಮದ ಬ್ಯಾನರು, ಅಂಗಡಿ ಉದ್ಘಾಟನೆಯ ಕಾರ್ಡು, ಎಲ್ಲವನ್ನೂ ಮಾಡಿಕೊಂಡು ಬಂದಿದ್ದೇನೆ. ಪುಟದ ಮೂಲೆಯಲ್ಲಿ ಎರಡು ಬೆರಳು ಜಾಗ ಉಳಿದರೆ ಅಲ್ಲೊಂದು ಹೂವು ಕೂಡಿಸುತ್ತೇನೆ. ಹೂವಿನ ಪಕ್ಕದಲ್ಲಿ ಇನ್ನೂ ಜಾಗ ಉಳಿದರೆ ನವಿಲು. ಗಿರಾಕಿಗಳು ನೋಡಿ “ಭಾರಿ ಆಗ್ಯದ ನೋಡ್ರಿ” ಅನ್ನುತ್ತಾರೆ, ನಾನು ಉಬ್ಬುತ್ತೇನೆ. ನನ್ನ ಪುಟಗಳಲ್ಲಿ ಇರುವೆ ನಡೆದುಹೋಗಲಿಕ್ಕೂ ದಾರಿ ಇರಲಿಲ್ಲ ಅನ್ನುವುದು ನನಗೆ ತಿಳಿದದ್ದು ಮಗಳಿಂದ.

ಮಗಳು ಅಂಬಿಕಾ ದಿನಾ ಬಸ್ಸಿಗೆ ಬಸವಕಲ್ಯಾಣಕ್ಕೆ ಹೋಗಿ ಕಾಲೇಜು ಓದುತ್ತಾಳೆ. ಪುಟವಿನ್ಯಾಸ ಅವಳಿಗೊಂದು ವಿಷಯ. ಅಚ್ಚಿನ ಹತ್ತು ಪುಟ, ವೆಬ್‌ನ ಹತ್ತು ಪುಟ ಆರಿಸಿಕೊಂಡು ಒಂದೊಂದಕ್ಕೂ ಟೀಕೆ ಬರೆದುಕೊಂಡು ಬರ್ರಿ ಎಂದು ಅವರ ಮೇಡಂ ಹೇಳಿದ್ದರಂತೆ. ಉಳಿದ ಮಕ್ಕಳು ದೊಡ್ಡ ದೊಡ್ಡ ಪತ್ರಿಕೆಗಳನ್ನು ಹುಡುಕಿಕೊಂಡು ಹೋದರೆ ನನ್ನ ಮಗಳು ಸೀದಾ ಅಂಗಡಿಗೆ ಬಂದಳು.

“ಅಪ್ಪಾ, ನೀ ಮಾಡಿದ್ದು ಒಂದಿಷ್ಟು ಕಾರ್ಡ್ ಕೊಡು.”

ಮಾದರಿಗೆ ತೋರಿಸಲಿಕ್ಕೆ ಒಯ್ಯುತ್ತಿದ್ದಾಳೆ ಅಂದುಕೊಂಡು ನಾನು ಇದ್ದುದರಲ್ಲಿ ಅತ್ಯಂತ ಥಳಕಿನವುಗಳನ್ನೇ ಆರಿಸಿ ಕೊಟ್ಟೆ. ಎರಡು ದಿನ ಬಿಟ್ಟು ಅವಳ ನೋಟ್‌ಬುಕ್ಕು ಊಟದ ಮನೆಯಲ್ಲಿ ಬಿದ್ದಿತ್ತು. ತೆರೆದು ಓದಿದೆ. “ಈ ಪುಟದಲ್ಲಿ ಐದು ಬಗೆಯ ಅಕ್ಷರಗಳಿವೆ. ಐದೂ ಒಂದೇ ಸಲಕ್ಕೆ ಮಾತಾಡುತ್ತಿವೆ. ಹಸಿರು ಹೂವಿನ ಮೇಲೆ ಕೆಂಪು ಅಕ್ಷರ ಬಂದಿರುವುದರಿಂದ ಮದುಮಗಳ ಹೆಸರು ಕಾಣುವುದಿಲ್ಲ. ನವಿಲು ಮಾತ್ರ ಚೆನ್ನಾಗಿ ಕಾಣುತ್ತದೆ.” ಕೆಳಗೆ ವಿನ್ಯಾಸಕಾರರು ಅಂತ ನನ್ನ ಹೆಸರು, ಅದೂ ದುಂಡಗಿನ ಅಕ್ಷರದಲ್ಲಿ. ಉಣ್ಣುತ್ತಿದ್ದ ತಟ್ಟೆಯನ್ನು ಪಕ್ಕಕ್ಕೆ ಸರಿಸಿದೆ. ನನ್ನ ಹೆಂಡತಿ ಮಹಾದೇವಿ ನಾನು ತೋರಿಸಿದ ಪುಟವನ್ನು ಓದಿ, ಎದುರಿಗೆ ಕೂತು, “ಬರದದ್ದೇನು ಸುಳ್ಳು ಖೊಟ್ಟಿ ಅಲ್ಲ, ಉಣ್ರಿ” ಅಂದಳು.

ನಾನು ಸುಮ್ಮನೆ ಸೋಲೊಪ್ಪುವವನಲ್ಲ. ನಮ್ಮ ಊರಲ್ಲಿ ಒಂದು ಹ್ಯಾಂಡ್‌ಬಿಲ್ ಅಂದರೆ ಕನ್ನಡ, ಮರಾಠಿ, ಉರ್ದು, ಇಂಗ್ಲಿಷ್ ನಾಲ್ಕೂ ಬೇಕು. ಉರ್ದು ಬಲಗಡೆಯಿಂದ ಬರುತ್ತದೆ, ಉಳಿದವು ಎಡಗಡೆಯಿಂದ. ನಡುವೆ ಫೋನ್ ನಂಬರಿನ ಹತ್ತಿರ ಎರಡೂ ಮುಖಾಮುಖಿ ಆಗುತ್ತವೆ, ಸಣ್ಣ ಓಣಿಯಲ್ಲಿ ಎರಡು ಆಟೋ ಎದುರುಬದುರು ಬಂದು ನಿಂತ ಹಾಗೆ. ನಾಲ್ಕು ಮಂದಿ ಕೂಡಿ ಬಾಳುವ ಊರಿನ ಕಾಗದ ಹೀಗೇ ಇರಬೇಕು ಎಂದು ನಾನು ದೊಡ್ಡ ಭಾಷಣ ಮಾಡಿದೆ. ಅಂಬಿಕಾ ಕೇಳಿಸಿಕೊಂಡು, “ಕೂಡಿ ಇರಲಿ ಅಪ್ಪಾ, ಆದ್ರ ಒಬ್ಬರ ಕಾಲು ಒಬ್ಬರು ತುಳಿಯೋದು ಯಾಕ?” ಅಂದಳು.

ಆಮೇಲೆ ನಾನು ಇತಿಹಾಸವನ್ನು ಎಳೆದು ತಂದೆ. ಬಸವಕಲ್ಯಾಣದ ಪಕ್ಕದಲ್ಲೇ ಇದ್ದುಕೊಂಡು ಇತಿಹಾಸದ ಬೆಂಬಲ ತೆಗೆದುಕೊಳ್ಳದಿದ್ದರೆ ಹೇಗೆ? ಒಂದು ದಿನ ಅವಳ ಜೊತೆಗೇ ಹೋಗಿ ಒಂದು ಹಳೆಯ ಶಾಸನದ ಕಲ್ಲಿನ ಮುಂದೆ ನಿಲ್ಲಿಸಿದೆ. “ನೋಡು, ಅಂಚಿನಿಂದ ಅಂಚಿಗೆ ಅಕ್ಷರ. ಪದಕ್ಕೂ ಪದಕ್ಕೂ ನಡುವೆ ಕೂದಲೆಳೆ ಜಾಗ ಇಲ್ಲ. ತಾಡೋಲೆಯೂ ಹಾಗೇ. ನಾನು ಹಿರಿಯರ ದಾರಿ ಹಿಡಿದವನು” ಅಂದೆ. ಅವಳು ಕಲ್ಲನ್ನು ಬಗ್ಗಿ ನೋಡಿದಳು, ಪಕ್ಕಕ್ಕೆ ಸರಿದು ನೋಡಿದಳು. “ಕಲ್ಲು ತರೋದು ಕಷ್ಟ ಇತ್ತು ಅಪ್ಪಾ, ಅದಕ್ಕ ಒತ್ತಿ ಬರದಾರ. ನಿನಗ ಇನ್ನೊಂದು ಹಾಳಿ ತರೋದು ಕಷ್ಟ ಏನು?” ನಾನು ಬಿಡಲಿಲ್ಲ. ಮೇಲೆ ಸೂರ್ಯ, ಚಂದ್ರ, ಆಕಳು, ಕರು ಕೆತ್ತಿದ್ದಾರಲ್ಲ, ಅವು ನಡೆದರೆ ನನ್ನ ನವಿಲಿಗೇನು ದಾಡಿ ಎಂದು ಕೇಳಿದೆ. “ಅವು ತಮ್ಮ ಜಾಗದಾಗ ಅದಾವ. ಅಕ್ಷರದ ಮೈಮ್ಯಾಲ ಹತ್ತಿಲ್ಲ” ಅಂದಳು. ಇಷ್ಟು ಹೇಳಿ ಆ ಶಾಸನದ ಟೀಕೆಯನ್ನೂ ಬರೆದುಕೊಂಡಳು. ಸಾಲು ಎಲ್ಲಿಯೂ ಸೊಟ್ಟ ಆಗಿಲ್ಲ ಎಂದು ಆ ಕೆತ್ತಿದವನಿಗೆ ಶಹಬ್ಬಾಸ್ ಕೊಟ್ಟಿದ್ದಳು, ನನಗೆ ಒಮ್ಮೆಯೂ ಕೊಟ್ಟಿರಲಿಲ್ಲ.

ನಾನು ಅವಳ ಮಾತಿಗೆ ಕಿವಿ ಕೊಡಲು ಶುರು ಮಾಡಿದ್ದು ಒಬ್ಬ ಮುದುಕಿಯಿಂದ. ನನ್ನ ಅಂಗಡಿಯಲ್ಲಿ ವೆಬ್‌ನ ಅರ್ಜಿಗಳನ್ನೂ ತುಂಬಿ ಕೊಡುತ್ತೇವೆ. ನಿಜ ಹೇಳಬೇಕೆಂದರೆ ಕೆಟ್ಟ ವೆಬ್ ಪುಟಗಳೇ ನನ್ನ ಅರ್ಧ ಅನ್ನ. ಯಾವ ಪುಟದಲ್ಲಿ ಬಟನ್ ಎಲ್ಲಿ ಅಡಗಿದೆ, ಯಾವುದನ್ನು ಎರಡು ಸಲ ಒತ್ತಬೇಕು ಅನ್ನುವುದು ನನಗೆ ಗೊತ್ತು, ಮಂದಿಗೆ ಗೊತ್ತಿಲ್ಲ, ಅದಕ್ಕೇ ಬರುತ್ತಾರೆ. ಮಗಳ ಮನೆಗೆಂದು ಬಂದಿದ್ದ ಹುಲಸೂರಿನ ಮುದುಕಿಯೊಬ್ಬಳು ಒಂದು ಅರ್ಜಿ ಹಾಕಿಸಲು ಬಂದಳು. ಅರ್ಜಿ ಮುಗಿಯಿತು, ಒತ್ತಿದೆ, ಪರದೆಯ ಮೇಲೆ ಕೆಂಪು ಅಕ್ಷರದಲ್ಲಿ ಏನೋ ಬಂತು. ಮುದುಕಿ ನೋಡಿದವಳೇ ಸೆರಗಿನಿಂದ ಕಣ್ಣೊರೆಸಿಕೊಂಡು ಎದ್ದು ನಿಂತಳು. “ಆಗಲಿಲ್ಲ ಬಿಡಪ್ಪಾ, ನನ್ನ ನಸೀಬದಾಗ ಇಲ್ಲ.” ಅರ್ಜಿ ಸ್ವೀಕಾರ ಆಗಿದೆ ಎಂದು ಅಲ್ಲಿ ಬರೆದಿತ್ತು. ಓದು ಬಾರದವಳಿಗೆ ಬಣ್ಣ ಓದಲಿಕ್ಕೆ ಬರುತ್ತಿತ್ತು. ಅವಳನ್ನು ಮತ್ತೆ ಕೂಡಿಸಿ ತಿಳಿಸಿ ಹೇಳುವಷ್ಟರಲ್ಲಿ ನನಗೇ ಸಾಕಾಯಿತು. ಅಂಬಿಕಾ ಅಂದು ಅಂಗಡಿಯಲ್ಲೇ ಇದ್ದಳು. ಸಂತೋಷದ ಸುದ್ದಿಯನ್ನು ಕೆಂಪು ಅಕ್ಷರದಲ್ಲಿ ಹೇಳಬಾರದು ಎಂದು ಬರೆದುಕೊಂಡಳು. “ನಾ ಒಂದಿನ ಇಂಥ ಪುಟ ಮಾಡ್ತೀನಿ, ಈ ಆಯಿ ತಾನೇ ಅರ್ಜಿ ತುಂಬಬೇಕು” ಅಂದಳು. ಹಾಗಾದರೆ ನನ್ನ ಅಂಗಡಿ ಮುಚ್ಚಬೇಕಾಗುತ್ತದೆ ಅನ್ನುವುದು ನನಗೆ ಹೊಳೆಯದೆ ಇರಲಿಲ್ಲ. ಆದರೂ ಮಗಳ ಮೇಲೆ ಬಹಳ ಅಭಿಮಾನ ಬಂತು.

ನನ್ನ ಸಮಸ್ಯೆ ಏನೆಂದರೆ, ಏನು ಮಾಡಿದರೂ ಅತಿ ಮಾಡುತ್ತೇನೆ. ಅದೇ ವರ್ಷ ಮಗ ಸಂಗಮೇಶನ ಲಗ್ನ ಗೊತ್ತಾಯಿತು, ಪತ್ರಿಕೆಯನ್ನು ಪೂರಾ ಅಂಬಿಕಾಳ ಕೈಗೆ ಕೊಟ್ಟುಬಿಟ್ಟೆ. ಅವಳು ಮಾಡಿದ ಕಾರ್ಡು ಹೀಗಿತ್ತು: ಕೆನೆ ಬಣ್ಣದ ದಪ್ಪ ಕಾಗದ, ನಡುವೆ ಎರಡು ಹೆಸರು, ಕೆಳಗೆ ತಂದೆತಾಯಿಯರು, ದಿನ, ಸಮಯ, ಸ್ಥಳ, ಕೊನೆಗೆ ‘ಸಮಸ್ತ ಬಂಧುಬಳಗ’ ಅಂತ ಒಂದೇ ಸಾಲು. ಉಳಿದದ್ದೆಲ್ಲ ಖಾಲಿ. ನನ್ನ ಕೈ ಎರಡು ಮೂರು ಸಲ ನವಿಲಿನ ಕಡೆ ಹೋಗಿ ವಾಪಸ್ ಬಂತು. ಆದರೆ ಸುಳ್ಳು ಯಾಕೆ ಹೇಳಲಿ, ಕಾರ್ಡು ಬಹಳ ಚಂದ ಇತ್ತು.

ಮಹಾದೇವಿ ಹಿಂದೆ ಮುಂದೆ ತಿರುಗಿಸಿ, “ನಮ್ಮ ವೀರಶೆಟ್ಟಿ ಹೆಸರ ಎಲ್ಲದ್ರಿ?” ಅಂದಳು. ವೀರಶೆಟ್ಟಿ ಅವಳ ತಮ್ಮ, ಮನ್ನಾಏಖೇಳ್ಳಿಯಲ್ಲಿ ಹೆದ್ದಾರಿಯ ಮೇಲೆ ಕಿರಾಣಿ ಅಂಗಡಿ ಇಟ್ಟವನು. ನಮ್ಮ ಕಡೆ ಲಗ್ನಪತ್ರಿಕೆಯ ಕೆಳಗಿನ ಅರ್ಧ ಹೆಸರುಗಳದು. ಕಾಕಾ, ಮಾಮಾ, ಅಳಿಯಂದಿರು, ವಯಸ್ಸಿನ ಪ್ರಕಾರ ಸಾಲಾಗಿ ಬರುತ್ತಾರೆ. ನಿವೃತ್ತರಾದವರು ನಿವೃತ್ತಿ ಸಮೇತ, ಮಾಜಿಗಳು ಮಾಜಿ ಸಮೇತ. ಕೊನೆಗೆ ‘ನಮ್ಮ ಕಾಕಾನ ಲಗ್ನಕ್ಕ ತಪ್ಪದೇ ಬರ್ರಿ’ ಅಂತ ಕೂಸುಗಳು. ಈ ಎಲ್ಲರನ್ನೂ ಒಂದು ಪುಟದಲ್ಲಿ ಕೂಡಿಸುವುದೇ ನನ್ನ ಕಸುಬು. ಅಂಥ ನಾನು ಹೆಂಡತಿಗೆ, “ಸಮಸ್ತ ಬಂಧುಬಳಗ ಅಂದ್ರ ಅವನೂ ಬಂದನಲ್ಲ” ಎಂದು ಹೇಳಿ ಬಾಯಿ ಮುಚ್ಚಿಸಿದೆ. ಹೊಸದಾಗಿ ಜ್ಞಾನ ಬಂದವರ ಧಿಮಾಕು ನೋಡಿ.

ಮೊದಲ ಕಾರ್ಡು ಮನೆದೇವರಿಗೆ, ಎರಡನೆಯದು ಸೋದರಮಾವನಿಗೆ. ಅಕ್ಷತೆ ಬೀಳುವಾಗ ಮದುಮಗನ ಬೆನ್ನ ಹಿಂದೆ ನಿಲ್ಲುವವನು ಅವನೇ. ನಾನೂ ಮಹಾದೇವಿಯೂ ಮನ್ನಾಏಖೇಳ್ಳಿಗೆ ಹೋಗಿ ಕುಂಕುಮ ಹಚ್ಚಿ ಕಾರ್ಡು ಕೊಟ್ಟೆವು. ವೀರಶೆಟ್ಟಿ ಚಷ್ಮಾ ಇಲ್ಲದೆ ನೋಡಿದ, ಚಷ್ಮಾ ಹಾಕಿಕೊಂಡು ನೋಡಿದ. ಹಿಂದೆ ತಿರುಗಿಸಿದ. ಲಕೋಟೆಯೊಳಗೆ ಇನ್ನೊಂದು ಹಾಳೆ ಉಳಿದಿದೆಯೇನೋ ಎಂದು ಬೆರಳು ಹಾಕಿ ನೋಡಿದ.

“ಭಾವಾ, ಇದು ಪೂರಾ ಛಾಪ ಆಗಿಲ್ಲೇನ್ರಿ?”

“ಆಗ್ಯದ ವೀರಶೆಟ್ಟಿ. ಈಗಿನ ಪದ್ಧತಿ ಹಂಗ.”

ಅವನು ಕಾರ್ಡನ್ನು ದುಡ್ಡಿನ ಗಲ್ಲೆಯ ಮೇಲೆ ಇಟ್ಟ. “ಮಂದಿ ಬಾಳ ಆದ್ರು, ಜಾಗ ಸಾಲಲಿಲ್ಲ ಅಂದಿದ್ರ ನಾ ಸುಮ್ನ ಇರತಿದ್ದೆ. ಇಲ್ಲಿ ನೋಡಿದ್ರ ಎಕರೆಗಟ್ಟಲೆ ಜಾಗ ಖಾಲಿ ಪಡಾ ಬಿದ್ದದ. ಇಷ್ಟ ಜಾಗ ಇಟ್ಕೊಂಡು ನನ್ನ ಹೆಸರ ಬಿಟ್ಟೀರಿ.”

ಇಷ್ಟು ವರ್ಷ ಕಾರ್ಡು ಮಾಡಿದ ನನಗೆ ಇದು ಹೊಳೆದೇ ಇರಲಿಲ್ಲ. ತುಂಬಿ ತುಳುಕುವ ಕಾರ್ಡಿನಲ್ಲಿ ಒಂದು ಹೆಸರು ತಪ್ಪಿದರೆ ಅದು ಮರೆವು. ಖಾಲಿ ಕಾರ್ಡಿನಲ್ಲಿ ತಪ್ಪಿದರೆ ಬೇಕಂತಲೇ ಮಾಡಿದ್ದು. ಅವನು ಚಹಾ ತರಿಸಿದ, ಅಕ್ಕನ ಆರೋಗ್ಯ ವಿಚಾರಿಸಿದ, ಎಲ್ಲ ಮರ್ಯಾದೆ ಮಾಡಿದ. ಲಗ್ನಕ್ಕೆ ಬರ್ತೀಯಲ್ಲ ಎಂದು ಮಹಾದೇವಿ ಕೇಳಿದಾಗ ಮಾತ್ರ “ನೋಡ್ತೀನಿ ಅಕ್ಕಾ” ಅಂದ. ನಮ್ಮ ಕಡೆ ನೋಡ್ತೀನಿ ಅಂದರೆ ಬರುವುದಿಲ್ಲ ಎಂದರ್ಥ.

ವಾಪಸ್ ಬರುವಾಗ ಬಸ್ಸಿನಲ್ಲಿ ಮಹಾದೇವಿ ಉಳಿದ ಕಾರ್ಡುಗಳ ಚೀಲವನ್ನು ನನ್ನ ತೊಡೆಯ ಮೇಲೆ ಇಟ್ಟುಬಿಟ್ಟಳು. ಅಪ್ಪ ಅವ್ವ ಹೋದ ಮೇಲೆ ಅವಳಿಗೆ ತವರು ಅಂದರೆ ಅವನೊಬ್ಬನೇ. ಮಗನ ಬೆನ್ನ ಹಿಂದೆ ಅವನು ನಿಲ್ಲದಿದ್ದರೆ ಆ ಲಗ್ನದಲ್ಲಿ ಅವಳಿಗೆ ಏನು ಉಳಿಯುತ್ತದೆ? ಬಂಧುಬಳಗದ ನಲವತ್ತೆರಡೂ ಹೆಸರು ಹಾಕಿ ಹೊಸ ಕಾರ್ಡು ಹೊಡೆಸುತ್ತೇನೆ ಅಂದೆ. “ಬ್ಯಾಡ. ಕೇಳಿ ಹಾಕಿಸಿಕೊಂಡ ಹೆಸರಿಗಿ ಏನ್ ಇಜ್ಜತ್ ಅದ?” ಅಂದಳು. ಅದೂ ಖರೆ.

ವಿಷಯ ತಿಳಿದ ಅಂಬಿಕಾ ನೋಟ್‌ಬುಕ್ಕನ್ನು ಕಪಾಟಿನಲ್ಲಿ ಒಗೆದಳು. ಹತ್ತೊಂಬತ್ತು ಟೀಕೆ ಆಗಿದ್ದವು, ಒಂದು ಉಳಿದಿತ್ತು. ನಾ ಇನ್ನು ಯಾರಿಗೂ ಏನೂ ಹೇಳಂಗಿಲ್ಲ ಅಂದಳು. ನನ್ನ ನವಿಲಿನ ಮಾನ ಹರಾಜು ಹಾಕಿದ ಹುಡುಗಿ ಬಾಯಿ ಮುಚ್ಚಿದರೆ ನನಗೆ ಖುಷಿ ಆಗಬೇಕಿತ್ತು. ಆಗಲಿಲ್ಲ, ಮನೆ ಬಣಗುಟ್ಟಿತು. ಟೀಕೆ ಮಾಡದ ಮಗಳು ನನಗೆ ಬೇಡ ಎಂದು ಮೊದಲ ಸಲ ಅನ್ನಿಸಿತು, ಅವಳಿಗೂ ಹಾಗೇ ಹೇಳಿದೆ.

ರವಿವಾರ ಅವಳೇ ನೋಟ್‌ಬುಕ್ಕು ಹಿಡಿದುಕೊಂಡು ಹೊರಟು ನಿಂತಳು. ಎಲ್ಲಿಗೆ ಅಂದರೆ ಮಾಮಾನ ಹತ್ತಿರ. ನಾನೂ ಹಿಂದೆ ಹೋದೆ. ಅಂಗಡಿಯಲ್ಲಿ ವೀರಶೆಟ್ಟಿ ಬೇಳೆ ತೂಗುತ್ತಿದ್ದ. ಅಂಬಿಕಾ ಬೇಳೆ ಚೀಲದ ಪಕ್ಕ ಸ್ಟೂಲು ಹಾಕಿಕೊಂಡು ಕೂತಳು.

“ಮಾಮಾ, ಇಪ್ಪತ್ತು ಟೀಕಾ ಬರೀಬೇಕಿತ್ರಿ. ಇಪ್ಪತ್ತನೇದು ನನ್ನ ಕಾರ್ಡಿಂದು. ನಾ ಮಾಡಿದ್ದಕ್ಕ ನಾನೇ ಬರೀಬಾರದು. ನೀವು ಹೇಳ್ರಿ, ನಾ ಬರಕೋತೀನಿ.”

“ನನಗೇನ್ ತಿಳೀತದವ್ವ ಅದು” ಅಂದ. ಅವಳು ಪೆನ್ನು ತೆಗೆದು ಕಾಯುತ್ತ ಕೂತಳು. ಅವನು ಇನ್ನೊಬ್ಬ ಗಿರಾಕಿಗೆ ಬೇಳೆ ಕೊಟ್ಟು ಕಳಿಸಿದ, ಕೈ ಜಾಡಿಸಿಕೊಂಡ, ನನ್ನ ಮುಖ ನೋಡಿದ.

“ಬರಕೋ. ಲಗ್ನಪತ್ರಿಕಾ ಇರೋದು ಓದಾಕಲ್ಲ, ಹುಡುಕಾಕ. ನಿಮ್ಮಪ್ಪ ಮಾಡಿದ ಕಾರ್ಡಿನಾಗ ನನ್ನ ಹೆಸರ ಸಿಗಬೇಕಾದ್ರ ಐದು ಮಿನಿಟ್ ಹಿಡೀತಿತ್ತು. ಅಷ್ಟ್ರಾಗ ಎಲ್ಲಾ ಮಂದೀನೂ ಓದಿ ಆಗ್ತಿತ್ತು. ಯಾರು ತೀರಿಕೊಂಡಾರ, ಯಾರು ರಿಟೈರ್ ಆಗ್ಯಾರ, ಯಾರ ಮನ್ಯಾಗ ಕೂಸು ಹುಟ್ಟ್ಯದ, ಎಲ್ಲಾ ತಿಳೀತಿತ್ತು. ನಿನ್ನ ಕಾರ್ಡಿನಾಗ ಏನ್ ತಿಳೀತದ? ಲಗ್ನ ಅದ ಅಂತ ತಿಳೀತದ. ಅದು ನನಗ ಮೊದಲೇ ಗೊತ್ತಿತ್ತು.”

ಅವಳು ಒಂದಕ್ಷರ ಬಿಡದೆ ಬರೆದುಕೊಂಡಳು. ಮುಖ ಕೆಂಪಾಗಿತ್ತು, ಆದರೆ ತಲೆ ಎತ್ತಿ “ಇನ್ನ ಹೇಳ್ರಿ ಮಾಮಾ” ಅಂದಳು. ಅವನಿಗೂ ಹುರುಪು ಬಂತು. ಅಕ್ಷರ ಸಾಫ್ ಇವೆ, ಕಾಗದ ಭಾರಿ ಇದೆ, ಅದನ್ನೂ ಬರಕೋ ಅಂದ. ಎಲ್ಲ ಮುಗಿದ ಮೇಲೆ ಅವಳು ಒಂದು ಹೊಸ ಹಾಳೆ ತೆಗೆದು, ನಡುಮಧ್ಯದಲ್ಲಿ ‘ಟೀಕಾಕಾರರು: ಶ್ರೀ ವೀರಶೆಟ್ಟಿ, ಮನ್ನಾಏಖೇಳ್ಳಿ’ ಎಂದು ಬಿಡಿಸಿ ಬರೆದು ಅವನ ಕೈಗೆ ಕೊಟ್ಟಳು. ಸುತ್ತ ಏನೂ ಇರಲಿಲ್ಲ.

ಅವನು ಹಾಳೆಯ ಅಂಚಿನ ಸುತ್ತ ಬೆರಳು ಆಡಿಸಿದ. “ಇದಿಷ್ಟೂ ಜಾಗ ನನಗೊಬ್ಬನಿಗೇ ಏನು?”

“ಹೌದ್ರಿ ಮಾಮಾ. ಜಾಗ ಬಿಡೋದು ಅದಕ್ಕೇ.”

ಅವನು ಹಾಳೆಯನ್ನು ಎರಡು ಕೈಯಲ್ಲಿ ಹಿಡಿದುಕೊಂಡೇ ನನ್ನ ಕಡೆ ತಿರುಗಿದ. “ಭಾವಾ, ಲಗ್ನದ ದಿನ ನಾ ಎಷ್ಟಕ್ಕ ಬಂದು ನಿಂದ್ರಬೇಕು?”

“ಸಮಯ ಕಾರ್ಡಿನಾಗ ಅದಲ್ಲೋ” ಅಂದೆ. “ದೊಡ್ಡ ಅಕ್ಷರದಾಗ, ನಡುವ, ಸುತ್ತ ಜಾಗ ಬಿಟ್ಟು.”

“ಅದನ್ನ ಯಾರು ನೋಡ್ಯಾರ್ರಿ” ಅಂದ ವೀರಶೆಟ್ಟಿ, “ನಾ ನನ್ನ ಹೆಸರ ಹುಡುಕಾಕತ್ತಿದ್ದೆ.”

ಅಂಬಿಕಾ ಮುಚ್ಚಿದ ನೋಟ್‌ಬುಕ್ಕನ್ನು ಮತ್ತೆ ತೆರೆದು ಅದನ್ನೂ ಬರೆದುಕೊಂಡಳು.