ದಿನಕ್ಕೆ ಆರು ಗಂಟೆ ಆಡಿದವರು

ಆ ಅಂಗಡಿಯಲ್ಲಿ ಟೀವಿ, ಮಿಕ್ಸಿ, ಫ್ಯಾನು ಎಲ್ಲವೂ ಇದ್ದವು. ಗಿರಾಕಿಗಳು ಇರಲಿಲ್ಲ, ಅಷ್ಟೇ. ಯಜಮಾನನ ಅಕ್ಕ ಕೌಂಟರಿನಲ್ಲಿ ಕೂತು ಹತ್ತೊಂಬತ್ತು ವರ್ಷವಾಗಿತ್ತು. ಮದುವೆಯಾಗಿರಲಿಲ್ಲ. ಅಮ್ಮ ಹೋದ ಮೇಲೆ ಅಂಗಡಿಯ ಮೇಲಿನ ಒಂಟಿ ಕೋಣೆಯಲ್ಲಿ ಒಬ್ಬಳೇ ಇದ್ದಳು. ಬೀದಿಯವರೆಲ್ಲ ‘ದೊಡ್ಡಕ್ಕ’ ಎನ್ನುತ್ತಿದ್ದರು. ಕೂತು ಎರಡು ಮಾತಾಡುವವರು ಮಾತ್ರ ಯಾರೂ ಇರಲಿಲ್ಲ.

ಮೂರು ತಿಂಗಳ ಹಿಂದೆ ಕಂಪನಿಯೊಂದು ಕೈಯಲ್ಲಿ ಹಿಡಿದು ಆಡುವ ಹೊಸ ಗೇಮ್ ಯಂತ್ರದ ಮಾದರಿಯನ್ನು ಕೌಂಟರಿಗೆ ಸರಪಳಿ ಹಾಕಿ ಇಟ್ಟುಹೋಗಿತ್ತು. ಗಿರಾಕಿಗಳು ದಿನಕ್ಕೆ ಎಷ್ಟು ಹೊತ್ತು ಆಡಿದರೆಂದು ಯಂತ್ರವೇ ಕಂಪನಿಗೆ ತಿಳಿಸುತ್ತದೆ. ಅದನ್ನು ನೋಡಿ ಎಷ್ಟು ಮಾರಾಟವಾದೀತೆಂದು ಅವರು ಅಂದಾಜು ಮಾಡುತ್ತಾರೆ. ಮಾದರಿ ಇಟ್ಟದ್ದು ಎರಡೇ ಊರುಗಳಲ್ಲಿ.

ಮೊದಲ ವಾರ ಅದರತ್ತ ಒಂದು ನರಪಿಳ್ಳೆಯೂ ಸುಳಿಯಲಿಲ್ಲ. ನೊಣ ಹೊಡೆಯುತ್ತ ಕೂತಿದ್ದ ದೊಡ್ಡಕ್ಕ ಧೂಳು ಒರೆಸಲು ಹೋಗಿ ಗುಂಡಿ ಒತ್ತಿದಳು. ಪರದೆಯ ಮೇಲೆ ಒಂದು ಕೆರೆ, ಅದರಲ್ಲಿ ದೋಣಿ ಬಂತು. ಇಬ್ಬರು ಹುಟ್ಟು ಹಾಕಬೇಕು: ಬಲಗಡೆ ಇವಳು, ಎಡಗಡೆ ಇನ್ನೊಂದು ಊರಿನ ಮಾದರಿ ಹಿಡಿದವರು ಯಾರೋ. ಒಬ್ಬರೇ ಹಾಕಿದರೆ ದೋಣಿ ಇದ್ದಲ್ಲೇ ಗಿರಗಿರ ಸುತ್ತುತ್ತದೆ.

ಆ ಯಾರೋ ಮಾರನೆಯ ದಿನವೂ ಬಂದರು. ಆಮೇಲೆ ದಿನವೂ ಬಂದರು. ಮಾತಿಲ್ಲ, ಕತೆಯಿಲ್ಲ. ಇವಳು ಊಟ ಮುಗಿಸಿ ಬರುವುದು ತಡವಾದರೆ ದಡದಲ್ಲಿ ಕಾದಿದ್ದು ಎರಡು ಸಲ ಹುಟ್ಟು ಅಲ್ಲಾಡಿಸುತ್ತಿದ್ದರು. “ಬಂದೆ, ಬಂದೆ, ಏನು ಕೆರೆ ಬತ್ತಿಹೋಗತ್ತಾ?” ಎಂದು ದೊಡ್ಡಕ್ಕ ಗಟ್ಟಿಯಾಗಿಯೇ ಬೈಯುತ್ತಿದ್ದಳು. ಅಮ್ಮ ಹೋದ ಮೇಲೆ ಅವಳು ಯಾರನ್ನೂ ಅಷ್ಟು ಸಲಿಗೆಯಿಂದ ಬೈದಿರಲಿಲ್ಲ. ‘ಎಡಗಡೆಯವರು’ ಎಂದು ಹೆಸರನ್ನೂ ಇಟ್ಟಳು.

ಒಂದು ಸಂಜೆ ತಮ್ಮ ಕುಣಿಯುತ್ತ ಬಂದ.

“ಅಕ್ಕಾ, ಕಂಪನಿಯವ್ರೇ ದಂಗಾಗಿದಾರೆ! ನಮ್ಮಲ್ಲಿ ಜನ ದಿನಕ್ಕೆ ಆರು ಗಂಟೆ ಆಡ್ತಿದಾರಂತೆ. ಇನ್ನೂರು ಪೀಸ್ ತಗೋತೀನಿ. ನಾಳೆ ಬಂದು ಸಹಿ ಹಾಕಿಸ್ಕೋತಾರೆ.”

“ಮಾರಾಟ ಆಗ್ದೇ ಉಳಿದ್ರೆ?”

“ವಾಪಸ್ ತಗೊಳ್ಳಲ್ಲ. ಆದ್ರೆ ಉಳಿಯೋ ಮಾತೆಲ್ಲಿ?”

ಆರು ಗಂಟೆ ಆಡಿದ ‘ಜನ’ ದೊಡ್ಡಕ್ಕ ಒಬ್ಬಳೇ. ಹೇಳಿದರೆ ಯಂತ್ರ ಹೋಗುತ್ತದೆ, ಅದರ ಜೊತೆ ಎಡಗಡೆಯವರೂ. ಹೇಳದಿದ್ದರೆ ತಮ್ಮ ಮುಳುಗುತ್ತಾನೆ. ಅತ್ತ ದರಿ, ಇತ್ತ ಪುಲಿ.

ಮರುದಿನ ಬೆಳಿಗ್ಗೆ ಎಡಗಡೆಯವರು ಬರಲಿಲ್ಲ. ದೋಣಿ ಸುತ್ತುತ್ತಲೇ ಇತ್ತು. ಹುಷಾರಿಲ್ಲವೇನೋ ಎಂದು ಅವಳಿಗೆ ಕಸಿವಿಸಿಯಾಯಿತು.

ಮಧ್ಯಾಹ್ನ ಬಂದ ಕಂಪನಿಯವನು ಕಾಗದ ತೆಗೆಯುವ ಮೊದಲು, “ನಿಜವಾಗ್ಲೂ ಗಿರಾಕಿಗಳೇ ಆಡಿದ್ದಾ?” ಎಂದು ಕೇಳಿದ.

“ಮತ್ತಿನ್ಯಾರು?” ಎಂದು ತಮ್ಮ ಪೆನ್ನು ಹುಡುಕಿದ.

“ಸಹಿ ಹಾಕ್ಬೇಡ ಕಣೋ,” ಎಂದಳು ದೊಡ್ಡಕ್ಕ. “ಆಡಿದ್ದು ನಾನು. ನಾನೊಬ್ಳೇ.”

“ಈ ವಯಸ್ಸಲ್ಲಿ?” ತಮ್ಮನ ಮುಖ ಕಪ್ಪಿಟ್ಟಿತು. ಅವಳಿಗೆ ನಾಚಿಕೆಯಾಗಲಿಲ್ಲ, ಅಳು ಬಂತು.

ಕಂಪನಿಯವನು ನಗಲಿಲ್ಲ. ಸರಪಳಿ ಬಿಚ್ಚುತ್ತ ಹೇಳಿದ: “ಬೆಳಿಗ್ಗೆ ಇನ್ನೊಂದು ಊರಿಗೆ ಹೋಗಿದ್ದೆ ಅಕ್ಕ. ಅಲ್ಲೂ ಅಂಗಡಿ ಕಾಯೋರು ಒಬ್ಬರೇ ಆಡಿದ್ದಂತೆ. ಅಲ್ಲಿಗೆ ಇದರ ಮಾರ್ಕೆಟ್ಟು ಅಂದ್ರೆ ನೀವಿಬ್ಬರೇ.”

“ಯಾವೂರಪ್ಪ ಅದು? ಯಾರವರು?”

“ಹೇಳೋ ಹಾಗಿಲ್ಲ, ಕಂಪನಿ ನಿಯಮ. ಅವ್ರೂ ನಿಮ್ಮ ಬಗ್ಗೆ ಇದನ್ನೇ ಕೇಳಿದ್ರು.”

ಅವನು ಚೀಲದ ಬಾಯಿ ತೆರೆದ. ಒಳಗೆ ಅಂಥದೇ ಇನ್ನೊಂದು ಯಂತ್ರವಿತ್ತು. ಅದರ ಎಡಗಡೆಯ ಗುಂಡಿ ಸವೆದು ನುಣ್ಣಗಾಗಿತ್ತು.

“ಎರಡನ್ನೂ ಪಕ್ಕಪಕ್ಕ ಇಡಪ್ಪ,” ಎಂದಳು ದೊಡ್ಡಕ್ಕ.