ಪೈಲ್ವಾನನೋ ಮುನ್ನಾನೋ

ಚಹಾದಂಗಡಿಯ ಟೀವಿಯಲ್ಲಿ ಯಾರಾದರೂ ಸಿಕ್ಸರ್ ಬಾರಿಸಿದರೆ ಅಂಗಡಿಗೆ ಅಂಗಡಿಯೇ ಎದ್ದು ನಿಲ್ಲುತ್ತಿತ್ತು. ಮಕಬೂಲ ಕಾಕಾ ಮಾತ್ರ ಬಶಿಗೆ ಸುರಿದುಕೊಂಡ ಚಹಾ ಊದುತ್ತ ಕೂತಿರುತ್ತಿದ್ದರು. ಅದೇ ಯಾವನೋ ಫೀಲ್ಡರ್ ಅಡ್ಡ ಬಿದ್ದು ಬೌಂಡರಿ ತಡೆದನೋ, ಬಶಿ ಕೆಳಗಿಟ್ಟು ಎರಡೂ ಕೈಯಿಂದ ಚಪ್ಪಾಳೆ ತಟ್ಟುವರು. ಉಳಿದವರು ನಗುತ್ತಿದ್ದರು, ನನಗೆ ಮಾತ್ರ ರೇಗುತ್ತಿತ್ತು. ಮನುಷ್ಯನಿಗೆ ಸರಿಯಾದ ಹೊತ್ತಿನಲ್ಲಿ ಖುಷಿಪಡಲಿಕ್ಕಾದರೂ ಬರಬೇಡವೇ?

ಹಳೇ ಹುಬ್ಬಳ್ಳಿಯಲ್ಲಿ ಅವರದು ಹೊಲಿಗೆ ಮಷಿನ್ ರಿಪೇರಿ ಅಂಗಡಿ, ಪಕ್ಕದ್ದು ನನ್ನ ಝೆರಾಕ್ಸ್ ಅಂಗಡಿ. ವಯಸ್ಸಿನಲ್ಲಿ ಅವರು ನಮ್ಮಪ್ಪನ ಓರಗೆ, ಜಗಳದಲ್ಲಿ ನನ್ನ ಓರಗೆ. ಲಾಕ್‌ಡೌನಿನಲ್ಲಿ ಇಬ್ಬರ ಅಂಗಡಿಗೂ ಬೀಗ ಬಿದ್ದಾಗ ಕಾಕಾ ಮೊಬೈಲಿನಲ್ಲಿ ಕ್ರಿಕೆಟ್ ಆಟ ಹುಡುಕಲು ಹೋಗಿ, ಬ್ಯಾಟು ಚೆಂಡಿನ ಚಿತ್ರ ನೋಡಿ, ಬೇಸ್‌ಬಾಲ್ ಆಟವೊಂದನ್ನು ಇಳಿಸಿಕೊಂಡುಬಿಟ್ಟರು. ಸ್ಟಂಪು ಎಲ್ಲಿವೆ ಎಂದು ಹುಡುಕಿ ಸಾಕಾಗಿ ನನಗೆ ಫೋನ್ ಮಾಡಿದರು. ನಮ್ಮಿಬ್ಬರ ತಂಡ ಹುಟ್ಟಿದ್ದು ಹೀಗೆ.

ಆ ಆಟದಲ್ಲಿ ನಾವು ಆಡುವುದು ಏನೂ ಇಲ್ಲ. ಕಂಪ್ಯೂಟರು ಹುಟ್ಟಿಸಿದ ಆಟಗಾರರಲ್ಲಿ ಬೇಕಾದವರನ್ನು ಆರಿಸಿ, ಯಾರು ಎಲ್ಲಿ ನಿಲ್ಲಬೇಕೆಂದು ಸಂಜೆಯೊಳಗೆ ಹೇಳಿಬಿಡಬೇಕು. ನಾವು ಮಲಗಿರುವಾಗ ಕಂಪ್ಯೂಟರೇ ಪಂದ್ಯ ಆಡಿ ಮುಗಿಸುತ್ತದೆ. ನಡುವೆ ಕೈಹಾಕುವಂತಿಲ್ಲ. ಬೆಳಿಗ್ಗೆ ಷಟರ್ ಎತ್ತುವ ಮೊದಲು ಚಹಾದ ಜೊತೆ ಫಲಿತಾಂಶ ಓದುವುದು ನಮ್ಮ ರೂಢಿಯಾಯಿತು.

ನಮ್ಮ ಖಾಯಂ ಜಗಳ ಶಾರ್ಟ್‌ಸ್ಟಾಪ್ ಎಂಬ ಜಾಗದ್ದು. ರನ್ನಿಗೆ ಓಡುವವರು ಮುಟ್ಟುತ್ತ ಹೋಗಬೇಕಾದ ನಾಲ್ಕು ಬೇಸುಗಳಲ್ಲಿ ಎರಡನೇ ಮತ್ತು ಮೂರನೇದರ ನಡುವೆ ನಿಲ್ಲುವವನು ಅವನು. ನೆಲದ ಮೇಲೆ ಉರುಳಿ ಬರುವ ಚೆಂಡುಗಳಲ್ಲಿ ಹೆಚ್ಚಿನವು ಅವನ ಪಾಲಿಗೇ. ಆ ಜಾಗಕ್ಕೆ ನಮ್ಮಲ್ಲಿ ಇಬ್ಬರಿದ್ದರು. ಅವರ ವಿದೇಶಿ ಹೆಸರು ಬಾಯಿಗೆ ಹತ್ತದೆ ಕಾಕಾ ಒಬ್ಬನನ್ನು ಪೈಲ್ವಾನ, ಇನ್ನೊಬ್ಬನನ್ನು ಮುನ್ನಾ ಎಂದು ಕರೆದರು. ಪೈಲ್ವಾನ ಹೊಡೆದರೆ ಚೆಂಡು ಮೈದಾನದಾಚೆ, ಆದರೆ ಕಾಲಬುಡಕ್ಕೆ ಬಂದದ್ದನ್ನೂ ಬಿಟ್ಟುಬಿಡುವ ಭೂಪ. ಮುನ್ನಾನ ಕೈಗೆ ಬ್ಯಾಟು ಬಂದರೆ ದೇವರೇ ಗತಿ, ಆದರೆ ಅವನನ್ನು ದಾಟಿ ಚೆಂಡು ಹೋಗುವುದು ಅಪರೂಪ. ನಾನು ಪೈಲ್ವಾನನ ವಕೀಲ. ರನ್ ಇಲ್ಲದೆ ಯಾವ ಊರಲ್ಲಿ ಪಂದ್ಯ ಗೆಲ್ಲುತ್ತಾರೆ ಎಂದು ಕೇಳುತ್ತಿದ್ದೆ.

ಕಾಕಾ ಸಿಟ್ಟಾಗುತ್ತಿರಲಿಲ್ಲ. ಮಷಿನ್ನಿನ ಹೊಟ್ಟೆಗೆ ಎಣ್ಣೆ ಬಿಡುತ್ತಲೇ ತಿಳಿಸಿ ಹೇಳುವರು: "ನಮ್ಮ ಚೆಂಡು ಒಗಿಯೂ ಮಂದಿ ಎಂಥಾವ್ರು ನೋಡು ಬಸೂ. ಹೊಡಿಸ್ಕೋತಾರ, ಆದ್ರ ಚೆಂಡು ನೆಲಾ ಬಿಟ್ಟು ಏಳಗೊಡಂಗಿಲ್ಲ. ಅವೆಲ್ಲಾ ಇವನ ಕಡೇನ ಬರೂವು. ಹೊಡದ ರನ್ ಬೋರ್ಡಿನ ಮ್ಯಾಲ ಕಾಣತೈತಿ, ತಡದ ರನ್ ಯಾರಿಗೂ ಕಾಣಂಗಿಲ್ಲ. ಕಾಣಂಗಿಲ್ಲಂತ ಅದು ಇಲ್ಲೇನು?"

ಹೊಡೆಯುವವರು ಬೇಡವೆಂದಲ್ಲ, ಮೊದಲನೇ ಬೇಸಿಗೆ ಬೇಕಾದರೆ ಆನೆಯಂಥವನನ್ನು ನಿಲ್ಲಿಸು, ಈ ಜಾಗವೊಂದು ಬಿಡು ಅನ್ನುತ್ತಿದ್ದರು. ಒಂದು ಸೀಸನ್ನಿನಲ್ಲಿ ನನ್ನ ಕಾಟ ತಾಳದೆ ಪೈಲ್ವಾನನನ್ನೇ ಅಲ್ಲಿ ನಿಲ್ಲಿಸಿದರು. ರನ್ ಬಂದವು, ಬಂದದ್ದಕ್ಕಿಂತ ಹೆಚ್ಚು ಹೋದವು. ಕಾಕಾ ಚುಚ್ಚಿ ಮಾತಾಡಲಿಲ್ಲ. ಮುನ್ನಾನನ್ನು ವಾಪಸು ನಿಲ್ಲಿಸಿ ಇಬ್ಬರಿಗೂ ಮಿರ್ಚಿ ಭಜಿ ತರಿಸಿದರು. ಆಮೇಲೆ ನಮ್ಮ ತಂಡ ಮೇಲಿನ ಲೀಗಿಗೆ ಹತ್ತಿತು. ಅವತ್ತು ಚಹಾದಂಗಡಿಯಲ್ಲಿ ನಮ್ಮ ಸಂಭ್ರಮ ಯಾತರದೆಂದು ಒಬ್ಬರಿಗೂ ತಿಳಿಯಲಿಲ್ಲ.

ಹೋದ ವರ್ಷ ಕಾಕಾನ ಗಂಟಲಲ್ಲಿ ಕ್ಯಾನ್ಸರ್ ಕಾಣಿಸಿತು. ಡಾಕ್ಟರು ಸುತ್ತಿಬಳಸದೆ ಹೇಳಿದರು, ಇದು ಗುಣವಾಗುವುದಲ್ಲ, ನರಕ್ಕೆ ಔಷಧ ಏರಿಸುತ್ತ ಹೋದರೆ ಕೆಲವು ಕಾಲ ತಡೆಯಬಹುದು ಅಷ್ಟೇ ಎಂದು. ಹೊರಗೆ ಬೆಂಚಿನ ಮೇಲೆ ನಾನೂ ಕಾಕಿಯೂ ಅತ್ತೆವು. ಕಾಕಾ ಟೊಪ್ಪಿಗೆ ಸರಿಮಾಡಿಕೊಂಡು, "ತಡಿಯೂದು ನಮಗ ಗೊತ್ತೈತಿ, ನಡೀರಿ" ಎಂದು ಮುಂದೆ ಹೊರಟರು.

ತಡೆದರು ಕೂಡ. ಪ್ರತಿ ಸಲ ಔಷಧ ಏರಿಸಿಕೊಂಡು ಬಂದಾಗ ಇನ್ನಷ್ಟು ಇಳಿದಿರುತ್ತಿದ್ದರು. ಗಡ್ಡ ಉದುರಿತು, ದನಿ ಸಣ್ಣಗಾಯಿತು, ಚಹಾ ಕುಡಿದರೆ ಸೀಮೆಎಣ್ಣೆ ಕುಡಿದಂತೆ ಮುಖ ಕಿವಿಚುವರು. ಅಂಗಡಿ ಮುಚ್ಚಿತು. ಬೆಳಗಿನ ಫಲಿತಾಂಶವನ್ನು ನಾನು ಅವರ ಮಂಚದ ಬಳಿ ಕೂತು ಓದತೊಡಗಿದೆ.

ಸೀಸನ್ನಿನ ಕೊನೆಯ ಪಂದ್ಯ ಬಂತು. ಗೆದ್ದರೆ ಮೇಲಿನ ಲೀಗಿನಲ್ಲಿ ಉಳಿಯುತ್ತಿದ್ದೆವು, ಸೋತರೆ ಕೆಳಗೆ. ಅದಾದ ಎರಡು ದಿನಕ್ಕೆ, ಸೋಮವಾರ, ಔಷಧ ಏರಿಸಿಕೊಳ್ಳಲು ಮತ್ತೆ ದವಾಖಾನೆಗೆ ಹೋಗುವುದಿತ್ತು. ಸಂಜೆ ತಂಡ ಬರೆಯಲು ಕೂತಾಗ ಕಾಕಾ, ಮುನ್ನಾನನ್ನು ತೆಗೆದು ಪೈಲ್ವಾನನನ್ನು ಹಾಕು ಅಂದರು.

ಇಷ್ಟು ವರ್ಷ ಅದಕ್ಕಾಗಿ ಬಡಿದಾಡಿದವನು ನಾನೇ, ಆದರೂ ಹಾಕುವುದಿಲ್ಲ ಅಂದೆ. ಅವರದೇ ಮಾತುಗಳನ್ನು ಅವರ ಮುಂದೆ ಸುರಿದೆ. ನಮ್ಮ ಎಸೆತಗಾರರ ಚೆಂಡು ನೆಲ ಬಿಟ್ಟು ಏಳುವುದಿಲ್ಲ, ಕೊನೆಯ ಪಂದ್ಯದಲ್ಲಿ ಆ ಜಾಗ ತೂತಾದರೆ ಕಥೆ ಮುಗಿಯಿತು, ತಡೆದ ರನ್ನೂ ರನ್ನೇ. ನಾನು ಬೇಸ್‌ಬಾಲಿನ ಮಾತಾಡುತ್ತಿಲ್ಲ ಎಂದು ನನಗೂ ಗೊತ್ತಿತ್ತು, ಅವರಿಗೂ. ಕಾಕಾ ನಾನು ಮುಗಿಸುವವರೆಗೆ ಕೇಳಿದರು.

"ಎಲ್ಲಾ ಖರೇ ಐತಿ ಬಸೂ. ಆದ್ರ ತಡದು ತಡದು ನಾ ದಣದೇನಿ. ಒಮ್ಮೆರೆ ಯಾವನರೆ ಹೊಡೀಲಿ."

ಪೈಲ್ವಾನನನ್ನು ಹಾಕಿದೆ. ಬೆಳಿಗ್ಗೆ ನೋಡಿದರೆ, ಅವನು ಮೊದಲ ಸರದಿಯಲ್ಲೇ ಚೆಂಡನ್ನು ಮೈದಾನದಾಚೆ ಅಟ್ಟಿದ್ದ; ಕೊನೆಯಲ್ಲಿ ಅವನ ಕಾಲ ನಡುವೆ ಒಂದು ಚೆಂಡು ಉರುಳಿ ಹೋಗಿ ನಾವು ಸೋತಿದ್ದೆವು. ಹೊಡೆದನೇನು ಎಂದು ಕಾಕಾ ಕೇಳಿದರು. ಹೊಡೆದ, ಭಾಳ ದೂರ ಹೋಯಿತು ಅಂದೆ. ಉಳಿದದ್ದನ್ನು ಅವರು ಕೇಳಲಿಲ್ಲ.

ಸೋಮವಾರ ಕಾಕಿ ಚೀಲ ತುಂಬಿಕೊಂಡು ಬಾಗಿಲಲ್ಲಿ ನಿಂತಿದ್ದರು. ಓಣಿ ಸಣ್ಣದು, ನಾನು ತಂದ ಆಟೋದ ಹಿಂದೆ ಗಾಡಿಗಳು ನಿಂತು ಹಾರ್ನ್ ಹೊಡೆಯುತ್ತಿದ್ದವು. ಎಬ್ಬಿಸಲು ಹೋದರೆ ಕಾಕಾ ನನ್ನ ಕೈ ಹಿಡಿದುಕೊಂಡರು.

"ಸೋತ್ವಿ ಹೌದಿಲ್ಲೋ?"

"ಹೌದ್ರಿ ಕಾಕಾ."

"ಇರ್ಲಿ. ಆಟೋದಂವನ್ನ ಕಾಯಿಸಬ್ಯಾಡ, ಕಳಸು."

ಕಾಕಿಯ ಮುಖ ನೋಡಿದೆ. ಅವರು ಚೀಲ ಕೆಳಗಿಟ್ಟರು. ಹೊರಗೆ ಹೋಗಿ ಆಟೋದವನಿಗೆ, ಹೋಗಪಾ, ಇವತ್ತು ಬೇಡ ಎಂದೆ.

ಆ ತಿಂಗಳು ತುಂಬುವುದರೊಳಗೆ ಕಾಕಾ ಹೋದರು. ಅವರು ಮಾಡಿದ್ದು ಸರಿ ಎಂದು ಎಲ್ಲರೂ ನನಗೆ ಬುದ್ಧಿ ಹೇಳುತ್ತಾರೆ, ನರಳಾಟ ತಪ್ಪಿತಂತೆ. ನನಗೆ ಮಾತ್ರ ಈಗಲೂ ಅವರ ಮೇಲೆ ಸಿಟ್ಟಿದೆ. ಇನ್ನೊಂದಿಷ್ಟು ದಿನ ತಡೆಯಬಹುದಿತ್ತು. ಯಾರಿಗಾಗಿ ತಡೆಯಬೇಕಿತ್ತು ಎಂದು ಕೇಳಿದರೆ, ನನಗಾಗಿ. ಇನ್ಯಾರಿಗೆ?