ಬೆನಕಪ್ಪನ ಕೋಲು ಮತ್ತು ಮೂರಡಿ ಸೇತುವೆ

"ಬೆನಕಪ್ಪ ಹೆಂಡ್ತಿ ಮಾಡಿದ ಸಾರಿಗೂ ಕೋಲು ಇಳಿಸಿ ನೋಡೇ ಉಣ್ಣಾದು" ಎಂದು ಕೇರಿಯವರು ಆಡಿಕೊಳ್ಳುತ್ತಿದ್ದರು. "ಬೀಗರು ಬಂದ್ರೆ ಮೊದ್ಲು ಅವ್ರ ಎತ್ತರ ಅಳೀತಾನೆ, ಆಮೇಲೆ ನೀರು ಕೊಡ್ತಾನೆ" ಎನ್ನುವವರೂ ಇದ್ದರು. ಎರಡೂ ಸುಳ್ಳು. ಸಾರನ್ನು ಅವನು ಎಂದೂ ಅಳೆದವನಲ್ಲ. ಹಾಲನ್ನು ಅಳೆಯುತ್ತಿದ್ದ, ಅದು ನಿಜ.

ತ್ಯಾವಣಿಗೆಯಿಂದ ಎರಡು ಮೈಲಿ ಆಚೆ ನಮ್ಮೂರು. ಊರ ಬೆನ್ನಿಗೇ ನಾಲೆ. ಬೆನಕಪ್ಪ ಮೂವತ್ತನಾಲ್ಕು ವರ್ಷ ಆ ನಾಲೆಯ ಸೌಡಿಯಾಗಿದ್ದ. ತೂಬಿನ ಬಾಗಿಲು ಎತ್ತಿ ಗದ್ದೆಗಳಿಗೆ ನೀರು ಬಿಡುವುದು, ಸಾಕೆನಿಸಿದಾಗ ಇಳಿಸುವುದು, ಅದೇ ಅವನ ಕೆಲಸ. ಅದಕ್ಕೊಂದು ಬಿದಿರ ಕೋಲು. ಅದರ ಮೈತುಂಬ ಕುಡುಗೋಲಿನಲ್ಲಿ ಗೀರಿದ ಅಡಿ, ಅಂಗುಲದ ಗುರುತು. ನೀರು ಜಾಸ್ತಿ ಬಂತು, ಕಡಿಮೆ ಬಂತು ಎಂದು ಯಾರು ಕೂಗಾಡಿದರೂ ಅವನು ಕೋಲು ಇಳಿಸಿ, ಒದ್ದೆಯಾದ ಗುರುತನ್ನು ತೋರಿಸಿ ಹೋಗುತ್ತಿದ್ದ.

ಕೋಲು ಮುಟ್ಟಿಸದೆ ಅವನು ಮಾಡಿಸಿದ್ದು ಜೀವಮಾನದಲ್ಲಿ ಒಂದೇ ಕೆಲಸ, ತನ್ನ ಮನೆಯ ಕಾಂಪೌಂಡು. "ನನ್ನ ಮನೆ ಕೆಲ್ಸಕ್ಕೂ ಕೋಲು ಹಿಡೀಬೇಕಾ? ಕಣ್ಣಳತೆ ಸಾಕು ಬಿಡ್ರಿ" ಎಂದು ಗಾರೆಯವರಿಗೆ ಹೇಳಿದ್ದ. ಇದೊಂದು ಮಾತು ನೆನಪಿರಲಿ.

ನಮ್ಮೂರ ಸ್ಮಶಾನ ನಾಲೆಯ ಆಚೆ ದಡದಲ್ಲಿದೆ. ಬೆನಕಪ್ಪನ ಹೆಂಡತಿ ಕೊಟ್ರಮ್ಮ ತೀರಿಕೊಂಡದ್ದು ನಾಲೆ ತುಂಬಿ ಹರಿಯುವ ತಿಂಗಳಲ್ಲಿ. ನಮ್ಮ ಜನ ಸತ್ತವರನ್ನು ಮಲಗಿಸಿ ಒಯ್ಯುವುದಿಲ್ಲ. ಬಿದಿರಿನ ವಿಮಾನ ಕಟ್ಟಿ, ಹೂ ಸುತ್ತಿ, ಅದರಲ್ಲಿ ಕೂರಿಸಿ ಒಯ್ಯುತ್ತಾರೆ. ನಾಲ್ಕು ಜನ ಹೊರಬೇಕು, ಪಕ್ಕಕ್ಕೆ ಇಬ್ಬಿಬ್ಬರು. ಎದೆಮಟ್ಟ ನೀರಿನಲ್ಲಿ ಅದು ಹೇಗೆ ಸಾಧ್ಯ? ಬೆನಕಪ್ಪ ಕಣ್ಣೊರೆಸಿಕೊಂಡು ತಾನೇ ಹೋಗಿ ನಾಲೆಯ ಮೇಲ್ಗಡೆಯ ತೂಬು ಇಳಿಸಿದ. ಎರಡು ತಾಸು ನಾಲೆ ನಿಂತಿತು. ಹೆಂಡತಿಯನ್ನು ದಾಟಿಸಿ, ಮಣ್ಣು ಮಾಡಿ, ಬಂದು ತೂಬು ಎತ್ತಿ, ಆಮೇಲೆ ಸ್ನಾನ ಮಾಡಿದ.

ಹನ್ನೊಂದನೆಯ ದಿನ ನೀರಾವರಿ ಆಫೀಸಿನಿಂದ ನೋಟಿಸು ಬಂತು: ಯಾರ ಅನುಮತಿ ಪಡೆದು ನೀರು ನಿಲ್ಲಿಸಿದಿರಿ?

ಬೆನಕಪ್ಪ ಉತ್ತರ ಬರೆಸಿದ: "ಹೆಂಡತಿಯ ಅನುಮತಿ. ಅವಳು ಬೇಡ ಎನ್ನಲಿಲ್ಲ."

ಅಂದಿನಿಂದ ಅವನಿಗೆ ಒಂದೇ ಚಿಂತೆ. ಜೊತೆಗಾರ ಓಂಕಾರಪ್ಪನ ಹತ್ತಿರ ಹೇಳುತ್ತಿದ್ದ: "ಮುಂದೆ ಬರೋ ಸೌಡಿ ನಂಗೋಸ್ಕರ ನೀರು ನಿಲ್ಲಿಸ್ತಾನೇನೋ? ಒಂದು ಸೇತುವೆ ಆಗ್ಬೇಕು. ವಿಮಾನ ದಾಟೋವಷ್ಟು ಅಗ್ಲ. ಅಲ್ಲೀತನಕ ನಾನು ಸಾಯಂಗಿಲ್ಲ."

ಅರ್ಜಿ ಕೊಟ್ಟ, ಕೊಟ್ಟ, ಕೊಡುತ್ತಲೇ ಇದ್ದ. ಅವನು ನಿವೃತ್ತನಾದ ಆರನೇ ವರ್ಷಕ್ಕೆ ಸೇತುವೆ ಬಂತು. ಕೆಲಸ ಮುಗಿದ ದಿನವೇ ಬೆನಕಪ್ಪ ಕೋಲು ಇಟ್ಟು ನೋಡಿದ. ಅಗಲ ಮೂರಡಿ, ದಪ್ಪ ನಾಲ್ಕು ಅಂಗುಲ. ಪಕ್ಕದಲ್ಲಿ "ಕಾಮಗಾರಿ ಪೂರ್ಣಗೊಂಡಿದೆ" ಎಂಬ ಬೋರ್ಡು ನಿಲ್ಲಿಸಲು ಹಾಕಿದ್ದ ಕಾಂಕ್ರೀಟು ಒಂದೂವರೆ ಅಡಿ ದಪ್ಪ.

ಆಫೀಸಿಗೆ ಹೋಗಿ ಹೇಳಿದರೆ ಇಂಜಿನಿಯರು ನಕ್ಕರು. "ಅಳತೆ ಪುಸ್ತಕದಾಗೆ ಎಂಟಡಿ ಬರ್ದೈತೆ ಯಜಮಾನ್ರೆ. ಬಿಲ್ಲೂ ಪಾಸಾಗೈತೆ. ಇನ್ನೇನು ಮಾಡಾಕೆ ಬರಲ್ಲ."

ಇಂಥ ಹೊತ್ತಿಗೆ ಒಂದು ದಿನ ಶೌಕತ್ ಅಲಿಯ ಚಾ ಅಂಗಡಿಯ ಟಿವಿಯಲ್ಲಿ ಮೇಲ್ಮನೆಯ ಸದಸ್ಯೆ ಸಂಘಮಿತ್ರಾ ಮಾತಾಡುತ್ತಿದ್ದರು. "ಸಭಾಪತಿಗಳೇ, ಹಣ ಮಂಜೂರಾದ ದಿನ ನಾವೆಲ್ಲ ಮೇಜು ಕುಟ್ಟುತ್ತೇವೆ. ಖರ್ಚಾದ ಮೇಲೆ ಜಾಗಕ್ಕೆ ಹೋಗಿ ನೋಡಿದವರು ಯಾರು? ಕಾಗದವನ್ನು ಕಾಗದವೇ ಪರೀಕ್ಷೆ ಮಾಡಿದರೆ ಫೇಲಾಗುವವರು ಯಾರು?"

ಶೌಕತ್ ಚಾ ಸೋಸುವುದನ್ನೇ ಬಿಟ್ಟ. "ಬೆನಕಪ್ಪಣ್ಣ, ಈ ಮೇಡಂ ನಿಮ್ಮ ಕೋಲಿನ ಮಾತೇ ಆಡ್ತಾ ಅವ್ರೆ ನೋಡ್ರಿ!"

ಮುಂದಿನ ವಾರ ಅವರು ಚನ್ನಗಿರಿಯಲ್ಲಿ ಅಹವಾಲು ಕೇಳಲು ಕೂತರು. ಬೆನಕಪ್ಪ ಕೋಲು ಹಿಡಿದೇ ಹೋದ. ಬಾಗಿಲಲ್ಲಿ ಪೊಲೀಸರು ತಡೆದರು.

"ದೊಣ್ಣೆ ಹೊರಗಿಡ್ರಿ."

"ದೊಣ್ಣೆ ಅಲ್ರೀ ಇದು, ನನ್ನ ಸಾಕ್ಷಿ."

ಸಂಘಮಿತ್ರಾ ಪೂರ್ತಿ ಕೇಳಿದರು. "ಬಂದು ನೋಡ್ತೀನಿ ಯಜಮಾನ್ರೆ. ಆದ್ರೆ ಜನ ಓಡಾಡಾಕೆ ಮೂರಡಿ ಸಾಕು ಅಂದ್ರೆ ಏನು ಹೇಳ್ತೀರಿ?"

"ಓಡಾಡೋ ಜನಕ್ಕೆ ಅಂತ ಕೇಳಿದ್ದಲ್ಲ ತಾಯಿ ಅದು."

ಅವರು ಬರುವ ದಿನ ಗೊತ್ತಾಯಿತು. ಮಾತಿನಲ್ಲಿ ಹೇಳಿದರೆ ಇಂಜಿನಿಯರು ಪುಸ್ತಕ ತೆಗೆಯುತ್ತಾರೆ. ವಿಮಾನವನ್ನೇ ಹೊತ್ತು ತೋರಿಸೋಣ ಎಂದು ಬೆನಕಪ್ಪ ನಿರ್ಧರಿಸಿದ. ವಿಮಾನ ಸಿದ್ಧವಾದಾಗ ಓಂಕಾರಪ್ಪ ತಗಾದೆ ತೆಗೆದ.

"ಖಾಲಿ ವಿಮಾನ ಊರಾಗೆ ಹೊರಬಾರ್ದು ಕಣಪ್ಪ. ಯಾರನ್ನಾರ ಕೂರಿಸ್ಬೇಕು."

"ನೀನೇ ಕೂತ್ಕೋ."

"ನಂಗಿನ್ನೂ ಮೊಮ್ಮಗಳ ಮದ್ವೆ ಐತೆ!"

ಯಾರೂ ಒಪ್ಪಲಿಲ್ಲ. "ಹೆಂಗಿದ್ರೂ ನಂದೇ ಸೀಟು" ಎಂದು ಬೆನಕಪ್ಪ ಬಿಳಿ ರುಮಾಲು ಸುತ್ತಿಕೊಂಡು, ಕೋಲು ಹಿಡಿದು ಹತ್ತಿ ಕೂತ. ನೋಡಲು ಚೆಂದವಾಗಿಯೇ ಇದ್ದ. ಶೌಕತ್ ಮೊಬೈಲಿನಲ್ಲಿ ಒಂದು ಫೋಟೋ ಹೊಡೆದು ಸ್ಟೇಟಸ್ಸಿಗೆ ಹಾಕಿದ. ಕೆಳಗೆ ಏನೂ ಬರೆಯಲಿಲ್ಲ. ಅಲ್ಲೇ ತಪ್ಪಿದ್ದು.

ಹನ್ನೊಂದಕ್ಕೆ ಬರಬೇಕಾದ ಸಂಘಮಿತ್ರಾ ಬಂದದ್ದು ಮೂರಕ್ಕೆ. ಅಷ್ಟರಲ್ಲಿ ಫೋಟೋ ನ್ಯಾಮತಿ, ಹೊನ್ನಾಳಿ, ಜಗಳೂರಿನ ನೆಂಟರನ್ನೆಲ್ಲ ಮುಟ್ಟಿತ್ತು. ಅತ್ತ ವಿಮಾನ ಸೇತುವೆಯತ್ತ ಹೊರಟಿತು, ಇತ್ತ ನೆಂಟರು, ಹೂಹಾರ, ಡೊಳ್ಳಿನವರನ್ನು ಹೊತ್ತ ಟೆಂಪೋ ಬಂದು ನಿಂತಿತು. ವಿಮಾನ ಕಂಡದ್ದೇ ಡೊಳ್ಳಿನವರು ಅಭ್ಯಾಸಬಲದಿಂದ ಬಾರಿಸತೊಡಗಿದರು. ಜಗಳೂರಿಂದ ಬಂದ ತಂಗಿ ಹಾಲಮ್ಮ ಎದೆ ಬಡಿದುಕೊಂಡು ಓಡಿ ಬಂದಳು. "ಅಯ್ಯೋ ನನ್ನಣ್ಣಾ! ಒಂದು ಮಾತು ಹೇಳ್ದೆ ಹೋದ್ಯಲ್ಲೋ!"

ವಿಮಾನದ ಮೇಲಿನ ರುಮಾಲು ತಿರುಗಿತು. "ಹಾಲವ್ವ, ಸುಮ್ನಿರೇ. ಮೇಡಂ ಏನೋ ಕೇಳ್ತಾ ಅವ್ರೆ."

ಹಾಲಮ್ಮ ಅಲ್ಲೇ ಕುಸಿದು ಕೂತಳು. ಉಸಿರು ಬಂದ ಮೇಲೆ ಬಾಯಿ ಬಂತು. "ಥೂ ನಿನ್ನ! ಬಸ್ಸು ಫ್ರೀ ಆಗಿದ್ದಕ್ಕೆ ಬದುಕಿದೆ. ಇಲ್ಲಾಂದಿದ್ರೆ ಟಿಕೀಟಿನ ದುಡ್ಡು ಕೊಡೋತನಕ ನಿನ್ನ ಇಳಿಯಾಕೇ ಬಿಡ್ತಿರಲಿಲ್ಲ!"

ವಿಮಾನ ಸೇತುವೆಯ ಬಾಯಿಗೆ ಬಂತು. ಹೊತ್ತವರಲ್ಲಿ ಎಡಗಡೆಯವರಿಗೆ ಕಾಲಿಡಲು ಜಾಗವಿಲ್ಲ. ಬಲಗಡೆ ಸರಿದರೆ ಬಲಗಡೆಯವರಿಗಿಲ್ಲ.

"ಇಂಜಿನಿಯರೇ, ನೀವೂ ಒಂದು ಹೆಗಲು ಕೊಡಿ" ಎಂದರು ಸಂಘಮಿತ್ರಾ. "ಎಂಟಡಿ ಎಲ್ಲಿದೆ ಅಂತ ನಿಮಗೇ ಗೊತ್ತಲ್ಲ."

ಇಂಜಿನಿಯರು ಅಂಜುತ್ತಲೇ ಹೆಗಲು ಕೊಟ್ಟರು. ಎರಡು ಹೆಜ್ಜೆ ಸರಿಯಾಯಿತು. ಮೂರನೆಯದು ಪುಸ್ತಕದಲ್ಲಿದ್ದ ಸೇತುವೆಯ ಮೇಲೆ ಬಿತ್ತು. ಬೂಟು, ಪ್ಯಾಂಟು, ಪುಸ್ತಕ ಸಮೇತ ಅವರು ನಾಲೆಯಲ್ಲಿದ್ದರು. ಬೆನಕಪ್ಪ ವಿಮಾನದ ಮೇಲಿಂದಲೇ ಬಗ್ಗಿ ಕೋಲು ಚಾಚಿದ.

"ಹಿಡ್ಕೊಳ್ರಿ ಸಾರ್. ಅಂಗೇ ನೀರೆಷ್ಟೈತೆ ನೋಡ್ರಿ. ನಾಕಡಿ ಐತಾ?"

ಸಂಘಮಿತ್ರಾ ನಗಲಿಲ್ಲ, ತುಟಿ ಕಚ್ಚಿಕೊಂಡು ಬರೆದುಕೊಂಡರು. ಸದನದಲ್ಲಿ ಕೇಳಿದರು. "ಪರಿಶೀಲನೆಯಲ್ಲಿದೆ" ಎಂಬ ಉತ್ತರ ಬಂತು. ಮುಂದಿನ ಅಧಿವೇಶನದಲ್ಲಿ ಮತ್ತೆ ಕೇಳಿ, ಸೇತುವೆಗಿಂತ ಬೋರ್ಡಿನ ಬುಡ ದಪ್ಪವಿರುವ ಲೆಕ್ಕ ಓದಿದರು. ಸದನವೆಲ್ಲ ನಕ್ಕಿತು, ಮಂತ್ರಿಗಳೂ ನಕ್ಕರು. ನಕ್ಕ ಮೇಲೆ ಆದೇಶ ಮಾಡದೆ ವಿಧಿಯಿರಲಿಲ್ಲ: ಗುತ್ತಿಗೆದಾರರು ಸ್ವಂತ ಖರ್ಚಿನಲ್ಲಿ ಮತ್ತೆ ಕಟ್ಟಬೇಕು.

ಕಟ್ಟುವಷ್ಟು ದಿನವೂ ಬೆನಕಪ್ಪ ಬುತ್ತಿ ಕಟ್ಟಿಕೊಂಡು ಹೋಗಿ ಎದುರಿಗೆ ಕೂತ. ಅಗಲ ಎಂಟೂವರೆ ಅಡಿ ಬಂತು. ಅರ್ಧ ಅಡಿ ಹೆಚ್ಚಿಗೆ ಹಾಕಿದ್ದು ಕೋಲಿನ ಹೆದರಿಕೆಗೆ ಎಂದು ಮೇಸ್ತ್ರಿಯೇ ಒಪ್ಪಿಕೊಂಡ. ಊರೆಲ್ಲ ಸೇತುವೆಯ ಮೇಲೆ ಓಡಾಡಿತು; ಬೆನಕಪ್ಪ ಮಾತ್ರ ಕಾಲಿಡಲಿಲ್ಲ. ಕೊಟ್ರಮ್ಮನ ಗದ್ದುಗೆಗೆ ಹೂ ಇಡಲು ಮೂರು ಮೈಲಿ ಸುತ್ತಿ ಹೋಗುತ್ತಿದ್ದ. ಕೇಳಿದರೆ, "ನಾನು ದಾಟೋದು ಒಂದೇ ಸಲ" ಎನ್ನುತ್ತಿದ್ದ.

ಕಳೆದ ಶ್ರಾವಣದಲ್ಲಿ, ನಾಲೆ ತುಂಬಿ ಹರಿಯುವಾಗ, ಬೆನಕಪ್ಪ ಮಧ್ಯಾಹ್ನ ಉಂಡು ಮಲಗಿದವನು ಏಳಲಿಲ್ಲ. ಫೋನು ಮಾಡಿದರೆ ಜಗಳೂರಿನ ಹಾಲಮ್ಮ, "ಮೂಗಿನ ಹತ್ರ ಕೈ ಇಟ್ಟು ನೋಡ್ರಪ್ಪ, ಈ ಸಲಾನಾರ ನಿಜವಾ?" ಎಂದಳು. ನಿಜವೇ ಆಗಿತ್ತು.

ಬೀದಿಯೆಲ್ಲ ಕೆಸರು, ಮೇಲಿಂದ ಜಿಟಿಜಿಟಿ ಮಳೆ. ಹಾಗಾಗಿ ವಿಮಾನವನ್ನು ಎಂದಿನಂತೆ ಬೀದಿಯಲ್ಲಿ ಕಟ್ಟದೆ ಅಂಗಳದಲ್ಲೇ, ಶಾಮಿಯಾನದ ಕೆಳಗೆ ಕಟ್ಟಿದರು. ಬೆನಕಪ್ಪನನ್ನು ಕೂರಿಸಿ, ಬಿಳಿ ರುಮಾಲು ಸುತ್ತಿ, ಪಕ್ಕಕ್ಕೆ ಕೋಲು ಕಟ್ಟಿ, ನಾಲ್ವರು ಎತ್ತಿದರು. ಕಾಂಪೌಂಡಿನ ಗೇಟಿನ ತನಕ ಬಂದು ನಿಂತರು. ಮುಂದಕ್ಕೆ ಹೋಗದು. ಓಂಕಾರಪ್ಪ ಕೋಲು ಬಿಚ್ಚಿ ಗೇಟಿಗೆ ಹಿಡಿದ.

"ಮೂರಡಿ" ಎಂದ.

ಅಳುತ್ತಿದ್ದ ಹಾಲಮ್ಮನ ಬಾಯಿಂದ ನಗು ಬಂದುಬಿಟ್ಟಿತು. "ಸರ್ಕಾರದ್ದೆಲ್ಲ ಅಳೆದ. ತನ್ನ ಗೇಟು ಅಳೀಲಿಲ್ಲ ನೋಡ್ರೀ ನಮ್ಮಣ್ಣ! ಇದುಕ್ಕೆ ಯಾವ ಮೇಡಮ್ಮನ್ನ ಕರೆಸಾನ?" ಅಂಗಳವೆಲ್ಲ ಅಳುತ್ತಲೇ ನಕ್ಕಿತು.

ಶೌಕತ್ ಅಲಿ ಹಾರೆ ತಂದ. ಗೇಟು ಕಿತ್ತು, ಗೋಡೆ ಒಡೆದು, ಕಲ್ಲು ಸರಿಸಿದರು. ಓಂಕಾರಪ್ಪ ಮತ್ತೆ ಕೋಲು ಇಟ್ಟ. "ಐದೂವರೆ ಅಡಿ. ಸಾಕಲ್ಲ?"

"ಇನ್ನೊಂದು ಗೇಣು ಒಡೀರಿ" ಎಂದಳು ಹಾಲಮ್ಮ, ಸೆರಗಿನಲ್ಲಿ ಮೂಗು ಒರೆಸಿಕೊಳ್ಳುತ್ತ. "ಅವ್ನು ಒಪ್ಪಂಗಿಲ್ಲ."

ಇನ್ನೊಂದು ಗೇಣು ಒಡೆದರು. ಕೋಲನ್ನು ಮತ್ತೆ ಅವನ ಪಕ್ಕಕ್ಕೆ ಕಟ್ಟಿದರು. ನಾಲ್ವರೂ ಹೆಗಲು ಕೊಟ್ಟರು, ಎರಡೂ ಕಡೆ ಜಾಗ ಬಿಟ್ಟುಕೊಂಡು ವಿಮಾನ ಗೋಡೆ ದಾಟಿತು, ಬೆನಕಪ್ಪ ನೆಟ್ಟಗೆ ಕೂತು ಮನೆಯಿಂದ ಸೇತುವೆಯ ಕಡೆಗೆ ಹೊರಟ.